ಕತ್ತರಿಯಣ್ಣನ ಹೂಪಾತಿ

"ತಲೆ ಎಲ್ಲಿದೆ ಅಂತ ನನಗೆ ಯಾರೂ ತೋರಿಸಬೇಕಾಗಿಲ್ಲ. ಆರಡಿ ಮಣ್ಣಿನ ಕೆಳಗಿದ್ರೂ ಹೇಳ್ತೀನಿ, ಇದು ತಲೆ, ಇದು ಕಾಲು, ಇವನಿಗೆ ಬೈತಲೆ ಎಡಕ್ಕೆ ಅಂತ!"

ಕತ್ತರಿಯಣ್ಣ ಹೀಗೆನ್ನುತ್ತಿದ್ದ; ಎಂದು, ಬಾಚಣಿಗೆಯನ್ನು ಬಿಳಿಕೋಟಿನ ಮೇಲುಜೇಬಿಗೆ ಸಿಕ್ಕಿಸಿ, ಆ ಮಾತನ್ನು ಅಲ್ಲಗಳೆಯುವ ಗಂಡಸು ಯಾರಾದರೂ ಇದ್ದಾನೆಯೇ ಎಂಬಂತೆ ಕನ್ನಡಿಯಲ್ಲಿ ನಮ್ಮೆಲ್ಲರ ಮುಖಗಳನ್ನೂ ಒಂದು ಸುತ್ತು ನೋಡುತ್ತಿದ್ದ. ಯಾರೂ ಅಲ್ಲಗಳೆಯುತ್ತಿರಲಿಲ್ಲ. ಗಂಟಲ ಮೇಲೆ ಕ್ಷೌರದ ಕತ್ತಿ ಕೂತಿರುವಾಗ ವಾದಕ್ಕಿಳಿಯುವಷ್ಟು ಸತ್ಯನಿಷ್ಠೆ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಬೆಂಚಿನ ಮೇಲೆ ಖಾಯಮ್ಮಾಗಿ ಪೇಪರು ಓದುತ್ತ ಕೂರುವ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಕೆಮ್ಮುತ್ತಿದ್ದರು. ಅದೂ ತಮ್ಮ ಸರದಿ ಮುಗಿದ ಮೇಲೆ.

ಅವನ ನಡಿಗೆಯೇ ಒಂದು ವೃತ್ತಿಚರಿತ್ರೆ. ನೇರವಾಗಿ ನಡೆಯುವುದು ಅವನಿಗೆ ಬಾರದು. ಜೀವಮಾನವಿಡೀ ಒಂದು ಕುರ್ಚಿಯ ಸುತ್ತ ಸುತ್ತಿದ ಕಾಲುಗಳವು. ಆ ಸುತ್ತುಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದ್ದರೆ ಭೂಮಿಗೆ ಮೂರು ಬಾರಿ ಸುತ್ತಿ, ಮಿಕ್ಕ ತುಂಡಿನಲ್ಲಿ ಚಂದ್ರಲೋಕಕ್ಕೊಂದು ಏಣಿ ಕಟ್ಟಬಹುದಿತ್ತು. ಬೀದಿಯಲ್ಲಿ ಎದುರಾದವರ ಮುಖಕ್ಕೆ ಮುಖ ಕೊಟ್ಟು ಅವನು ಎಂದೂ ಮಾತನಾಡಿಸಿದವನಲ್ಲ. ಮೊದಲು ಅರ್ಧಚಂದ್ರಾಕಾರವಾಗಿ ಅವರ ಬೆನ್ನ ಹಿಂದಕ್ಕೆ ಹೋಗಬೇಕು, ಹಿಂದಲೆಯನ್ನು ಪರಾಂಬರಿಸಬೇಕು, "ಅಲ್ಲಾಡಬೇಡಿ" ಎಂದು ಕಿವಿಯ ಬಳಿಯ ಒಂದೆಳೆ ಕೂದಲನ್ನು ಸರಿಪಡಿಸಬೇಕು, ಆಮೇಲೆ ಕುಶಲಪ್ರಶ್ನೆ. ಆ "ಅಲ್ಲಾಡಬೇಡಿ" ಅವನ ನಾಲಿಗೆಗೆ ಅಂಟಿಕೊಂಡೇ ಹುಟ್ಟಿತ್ತೋ ಏನೋ. ಬಸ್ಸಿಗೆ, ಬೆಕ್ಕಿಗೆ, ಗಾಳಿಗೆ ಹಾರುವ ಕ್ಯಾಲೆಂಡರಿಗೆ, ಎಲ್ಲಕ್ಕೂ ಅದೇ ಆಜ್ಞೆ. ಬಸ್ಸು ಕೇಳುತ್ತಿರಲಿಲ್ಲ, ಉಳಿದವು ಕೇಳುತ್ತಿದ್ದವೆಂದು ಅವನೇ ಹೇಳುತ್ತಿದ್ದ.

ಹೇಳುವುದರಲ್ಲಿ ಅವನದು ಎತ್ತಿದ ಕೈ. ತನ್ನ ಕೈ ಎಷ್ಟು ಹಗುರವೆಂದರೆ, ಒಬ್ಬ ಗಿರಾಕಿ ಕ್ಷೌರ ಮುಗಿದದ್ದೇ ತಿಳಿಯದೆ ಸಂಜೆಯವರೆಗೂ ಕುರ್ಚಿಯಲ್ಲೇ ಕೂತು, "ಯಾವಾಗ ಶುರು ಮಾಡ್ತೀಯಪ್ಪ?" ಎಂದು ಕೇಳಿದನಂತೆ. ಇನ್ನೊಬ್ಬನ ತಲೆಯಲ್ಲಿದ್ದ ಏಳೇ ಏಳು ಕೂದಲನ್ನು ಎಷ್ಟು ಜಾಣತನದಿಂದ ಹರಡಿದನೆಂದರೆ, ಹೆಂಡತಿ ಗುರುತು ಹಿಡಿಯದೆ ಪೊಲೀಸಿಗೆ ಹೇಳಿಕಳುಹಿಸಿದಳಂತೆ. ಈ ಕಥೆಗಳೆಲ್ಲ ನಮಗೆ ಬಾಯಿಪಾಠ. ಆದರೂ ಕೂದಲು ಬೆಳೆಯುವ ಮೊದಲೇ ಅವನಂಗಡಿಗೆ ಹೋಗುತ್ತಿದ್ದೆವು. ಕೂದಲಿಗಿಂತ ಬೇಗ ಕಥೆ ಬೆಳೆದಿರುತ್ತಿತ್ತು.

ಇಂಥವನ ಹೆಂಡತಿಗೆ ಮೊಣಕಾಲು ಮುಟ್ಟುವ ಕೂದಲಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ನಡುವೆ ಒಂದು ಪರದೆ. ಪರದೆಯ ಈಚೆ ಊರಿನ ತಲೆಗಳೆಲ್ಲ ಅವನ ಬೆರಳ ತುದಿಯಲ್ಲಿ. ಆಚೆ ಅವಳು ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುತ್ತಿದ್ದಳು.

"ರೀ, ತುದಿಯೆಲ್ಲ ಸೀಳಿಹೋಗಿದೆ. ಎರಡು ಬೆರಳಷ್ಟು ಕತ್ತರಿಸಿಕೊಡಿ," ಎಂದು ಆಗಾಗ ಪರದೆ ಸರಿಸಿ ಕೇಳುವಳು.

"ಭಾನುವಾರ ನೋಡೋಣ ಕಣೇ," ಎನ್ನುವನು.

ಭಾನುವಾರವೆಂದರೆ ಊರಿಗೆಲ್ಲ ಬಿಡುವು, ಕ್ಷೌರದಂಗಡಿಗೆ ಉಸಿರಾಡಲೂ ಬಿಡುವಿಲ್ಲದ ದಿನ. ಇದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ದಿನದ ಕೊನೆಗೆ ಅವಳ ಪಾಲಿಗೆ ಸಿಗುತ್ತಿದ್ದುದು ಬಿಸಿಯಾರಿದ ನೀರು, ಅವನು ಉಂಡು ಉಳಿಸಿದ್ದು, ಮತ್ತು ಮಾತನಾಡಿ ಮಾತನಾಡಿ ಖಾಲಿಯಾದ ಒಂದು ಬಾಯಿ. ಅಂಗಡಿಯಲ್ಲಿ ಗುಡುಗುತ್ತಿದ್ದವನು ಪರದೆ ದಾಟಿದೊಡನೆ ಗೋಡೆಗೆ ತಿರುಗಿ ಮಲಗಿಬಿಡುತ್ತಿದ್ದ. ಹೀಗೆ ಭಾನುವಾರಗಳು ಬಂದವು, ಹೋದವು. ಒಂದು ಚಳಿಗಾಲ ಜ್ವರ ಬಂದಿತು. ಅದು ಮಾತ್ರ ಭಾನುವಾರಕ್ಕೆ ಕಾಯಲಿಲ್ಲ.

ಮಣ್ಣು ಮಾಡುವ ದಿನ ಕತ್ತರಿಯಣ್ಣ ಏನನ್ನೂ ನೋಡಲಿಲ್ಲ. ಇಬ್ಬರು ಅವನ ರಟ್ಟೆ ಹಿಡಿದು ಸ್ಮಶಾನದ ಕಾಲುದಾರಿಯ ಮೇಲೆ ನಿಲ್ಲಿಸಿಕೊಂಡಿದ್ದರು. ಅವನು ಒಬ್ಬನ ಭುಜದಲ್ಲಿ ಮುಖ ಹುದುಗಿಸಿದ್ದ. ಆಮೇಲೆ ಎಷ್ಟೋ ತಿಂಗಳು ಅವನು ಆ ಕಡೆ ಸುಳಿಯಲೇ ಇಲ್ಲ. ಉಬ್ಬಿದ ಮಣ್ಣು ಕುಸಿದು, ಸುತ್ತಲಿನ ನೆಲದೊಂದಿಗೆ ಸಮವಾಗಿ, ಹುಲ್ಲು ಹಬ್ಬಿ, ಕಲ್ಲು ಕೆತ್ತುವವನು ಹೆಸರಿನ ಕಲ್ಲನ್ನು ನಿಲ್ಲಿಸಿ ಬಂದ ಮೇಲೆಯೇ, ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲೆಳೆದು, ಅದೇ ಬಿಳಿಕೋಟಿನಲ್ಲಿ, ಬಾಚಣಿಗೆ ಕತ್ತರಿಗಳ ಸಮೇತ, ಅವನು ಸ್ಮಶಾನದ ಗೇಟು ದಾಟಿದ.

ಆ ಜಾಗದ ಚಿತ್ರವನ್ನು ಓದುಗರು ಕೊಂಚ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲು ಕಾಲುದಾರಿ. ದಾರಿಯಂಚಿಗೆ ಆಳುದ್ದದ ಒಂದು ಪಟ್ಟಿ ನೆಲ. ಅದರ ತುದಿಗೆ ಕಲ್ಲು. ಕಲ್ಲಿನ ಮೇಲಿನ ಹೆಸರು ದಾರಿಯ ಕಡೆಗೆ. ಕಲ್ಲಿನ ಬೆನ್ನಿಗೆ ಇನ್ನೊಂದು ಆಳುದ್ದದ ನೆಲ, ಆಮೇಲೆ ಕಾಂಪೌಂಡು ಗೋಡೆ. ಕತ್ತರಿಯಣ್ಣ ಹೆಸರಿನೆದುರಿಗೆ, ಕಲ್ಲಿಗೂ ದಾರಿಗೂ ನಡುವಿನ ಪಟ್ಟಿಯ ಬಳಿ ಮೊಣಕಾಲೂರಿದ. ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಮತ್ತು ಅಲ್ಲಿ ಅವನು ಮಾಡಿದ್ದು ತೋಟಗಾರಿಕೆಯಲ್ಲ, ಕ್ಷೌರ. ಎಡಗೈಯ ಬಾಚಣಿಗೆಯಿಂದ ಹುಲ್ಲನ್ನು ಮೇಲಕ್ಕೆ ಬಾಚಿ, ಬಾಚಣಿಗೆಯ ಮೇಲೆ ಇಣುಕಿದಷ್ಟನ್ನೇ ಬಲಗೈಯ ಕತ್ತರಿಯಿಂದ ಕಚಕಚನೆ ಕತ್ತರಿಸುತ್ತಿದ್ದ. ಅಂಚುಗಳನ್ನು ಕಿವಿಯ ಹಿಂದೆ ಗೆರೆ ಎಳೆಯುವಂತೆ ಕತ್ತಿಯಿಂದಲೇ ತೀಡುತ್ತಿದ್ದ. ಬಾಟಲಿಯಿಂದ ನೀರು ಚಿಮುಕಿಸಿ, ಉದುರಿದ್ದನ್ನು ಬ್ರಷ್ಷಿನಿಂದ ಸವರಿ, "ಫೂ" ಎಂದು ಊದಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ನೋಡುತ್ತಿದ್ದ. ಸುತ್ತ ಕೆಂಪು, ಹಳದಿ, ನೇರಳೆ ಹೂವಿನ ಸಸಿಗಳನ್ನು ನೆಟ್ಟ. ಒಂದು ವರ್ಷ ಕಳೆಯುವುದರೊಳಗೆ ಆ ಪಾತಿ ಎಷ್ಟು ಸೊಗಸಾಯಿತೆಂದರೆ, ಅದನ್ನು ನೋಡಿ ಬದುಕಿದ್ದವರಿಗೆ ಹೊಟ್ಟೆಕಿಚ್ಚಾಗಿ ಇಬ್ಬರು ಮುದುಕರು ಆ ಆಸೆಯಿಂದಲೇ ಸತ್ತರೆಂದು ಅವನು ಹೇಳುತ್ತಿದ್ದ. ಆ ಮುದುಕರು ಮೊನ್ನೆಮೊನ್ನೆಯವರೆಗೂ ನಮ್ಮ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದರು, ಇರಲಿ.

ದಿನವೂ ಹೋಗುತ್ತಿದ್ದ, ಭಾನುವಾರವೂ. ಭಾನುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕುವ ಕ್ಷೌರಿಕನನ್ನು ಲೋಕ ಅದುವರೆಗೆ ಕಂಡಿರಲಿಲ್ಲ. ಊರಿನ ಗಡ್ಡಗಳು ಸೋಮವಾರಕ್ಕೆ ಹೊಂದಿಕೊಂಡವು.

ಅವನ ಮಗಳು ಅಂಗಡಿಯ ಮುಂದಿನ ಕಿಟಕಿಯ ಬಳಿ ಹೊಲಿಗೆಯ ಯಂತ್ರ ಇಟ್ಟುಕೊಂಡಿದ್ದಳು. ಅಪ್ಪನ ನಾಲಿಗೆಯ ಅರ್ಧ ಅವಳಿಗೂ ಬಳುವಳಿಯಾಗಿ ಬಂದಿತ್ತು. ಒಮ್ಮೆ ದಾರ ಕಚ್ಚಿ ಕತ್ತರಿಸುತ್ತ ಕೇಳಿದಳು: "ಅಪ್ಪ, ಅಷ್ಟೆಲ್ಲ ಮಾಡ್ತೀಯಲ್ಲ, ಅಮ್ಮನಿಗೆ ಕಾಣತ್ತಾ?"

"ನಿನ್ನ ಹಿಂದಲೆ ನಿನಗೆ ಕಾಣತ್ತೇನೇ?"

"ಇಲ್ಲ."

"ಯಾವ ಗಿರಾಕಿಗೂ ಕಾಣಲ್ಲ. ಕಾಣಲ್ಲ ಅಂತ ನಾನು ಮುಂದೆ ಮಾತ್ರ ಕತ್ತರಿಸಿ ಕಳಿಸಿಬಿಡ್ಲಾ? ಕಾಣದೇ ಇರೋ ಕಡೆ ಮಾಡೋದೇ ಕೆಲಸ ಕಣೇ. ಕಾಣೋ ಕಡೆ ಮಾಡೋದು ವ್ಯಾಪಾರ."

ಮಗಳು ಮತ್ತೆ ಯಂತ್ರ ತುಳಿದಳು. ಸಮಾಧಿಯನ್ನು ಯಾಕೆ ಸಿಂಗರಿಸಬೇಕೆಂದು ಲೋಕದ ಪಂಡಿತರು ಬರೆದದ್ದೆಲ್ಲವನ್ನೂ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಈ ಮಾತನ್ನು ಇನ್ನೊಂದರಲ್ಲಿಟ್ಟರೆ, ಪಂಡಿತರು ತಟ್ಟೆಸಮೇತ ಮೇಲೆದ್ದು ಸೂರಿಗೆ ತಲೆ ಬಡಿಸಿಕೊಳ್ಳುತ್ತಿದ್ದರು. ಹೆಂಡತಿಗೆ ಕೊಡದೆ ಉಳಿಸಿಕೊಂಡಿದ್ದ ಆ ಭಾನುವಾರದ ಒಂದು ಗಂಟೆಯನ್ನು ಅವನು ಕಂತುಕಂತಾಗಿ ಕೊಡುತ್ತಿದ್ದಾನೆಂಬುದು ನಮಗೆಲ್ಲ ಅರ್ಥವಾಗಿತ್ತು. ಅದೊಂದೇ ಅವನನ್ನು ಎದ್ದು ಕೂರಿಸುತ್ತಿತ್ತು, ನಗಿಸುತ್ತಿತ್ತು, ಸುಳ್ಳು ಹೇಳಿಸುತ್ತಿತ್ತು.

ಕೆಲಸ ಮುಗಿಸಿದ ಮೇಲೆ ಕಲ್ಲಿನ ಹಿಂದಕ್ಕೆ ಹೋಗುತ್ತಿದ್ದ. ಅಲ್ಲಿ ಗೋಡೆಯ ನೆರಳು. ಅಂಗಡಿಯ ಹಳೆಯ ಸ್ಟೂಲೊಂದನ್ನು ತಂದು ಅಲ್ಲೇ ಬಿಟ್ಟಿದ್ದ, ಬಕೆಟ್ಟೂ ಅಲ್ಲೇ. ಕಿತ್ತ ಕಳೆ, ಕತ್ತರಿಸಿದ ಹುಲ್ಲು, ನಿನ್ನೆಯ ಬಾಡಿದ ಹೂವು ಎಲ್ಲವನ್ನೂ ಅಲ್ಲಿಗೆ ಎಸೆಯುತ್ತಿದ್ದ. ಕಲ್ಲಿಗೆ ಬೆನ್ನು ಕೊಟ್ಟು ಕೂತು ಒಂದು ಸಿಗರೇಟು ಸೇದಿ, ತುಂಡನ್ನು ಹಿಮ್ಮಡಿಯಿಂದ ಮಣ್ಣಿಗೆ ಹೊಸಕುತ್ತಿದ್ದ. ಹೆಂಡತಿಗೆ ಸಿಗರೇಟಿನ ವಾಸನೆ ಆಗದು. ಅದಕ್ಕೆಂದೇ, ಮರ್ಯಾದೆಗಾಗಿ, ಹಿಂದೆ ಹೋಗಿ ಸೇದುತ್ತಿದ್ದುದು.

ಹೀಗೆ ಕಾಲ ಸಾಗುತ್ತಿರಲು, ಅವನ ಕೊನೆಯ ನಾದಿನಿ ಬಂದಳು. ದೂರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದವಳು. ಅಕ್ಕನನ್ನು ಮಣ್ಣು ಮಾಡಿದ ಮೇಲೆ ಈ ಕಡೆ ಬಂದಿರಲಿಲ್ಲ. ಕತ್ತರಿಯಣ್ಣನಿಗೆ ನಿಂತ ಕಾಲಲ್ಲಿ ನಿಲ್ಲಲಾಗದ ಸಂಭ್ರಮ. ಬ್ಯಾಗು ಇಳಿಸಲೂ ಬಿಡದೆ ಮಗಳನ್ನೂ ಅವಳನ್ನೂ ಸ್ಮಶಾನಕ್ಕೆ ಹೊರಡಿಸಿದ. ದಾರಿಯುದ್ದಕ್ಕೂ ವರ್ಣನೆ: "ನಿಮ್ಮಕ್ಕನ್ನ ನೋಡಿದ್ರೆ ನೀನು ಗುರುತೇ ಹಿಡಿಯಲ್ಲ ಕಣಮ್ಮ, ಹಾಗಿಟ್ಟಿದೀನಿ!"

ಹೂಪಾತಿಯ ಮುಂದೆ ನಿಂತು ಅವನು ಕೈಚಾಚಿದ, ಕ್ಷೌರ ಮುಗಿಸಿ ಕನ್ನಡಿ ತೋರಿಸುವವನಂತೆ. ಆದರೆ ನಾದಿನಿ ಹೂಪಾತಿಯನ್ನು ಬಳಸಿಕೊಂಡು ನೇರವಾಗಿ ಕಲ್ಲಿನ ಹಿಂದಕ್ಕೆ ನಡೆದಳು. ಕಸದ ಗುಡ್ಡೆಯೆದುರು ನಿಂತುಬಿಟ್ಟಳು.

"ಭಾವ, ಏನಿದು ಇಲ್ಲಿ?"

"ಅದು ಹಿಂಭಾಗ ಕಣಮ್ಮ, ಯಾರಿಗೂ ಕಾಣಲ್ಲ. ನೀನು ಮುಂದೆ ಬಾ. ಅಕ್ಕನ್ನ ನೋಡು."

"ಅಕ್ಕ ಇಲ್ಲಿದಾಳೆ, ಭಾವ."

ಕತ್ತರಿಯಣ್ಣ ಗಹಗಹಿಸಿ ನಕ್ಕ. "ಲೇ, ಇವಳು ನನಗೆ ತಲೆ ಯಾವುದು ಕಾಲ್ಯಾವುದು ಹೇಳಿಕೊಡ್ತಾಳಂತೆ ಕೇಳೇ!" ಎಂದು ಮಗಳ ಕಡೆ ತಿರುಗಿದ.

ನಾದಿನಿ ನಗಲಿಲ್ಲ. "ನಾನು ಈ ಗೋಡೆಗೆ ಒರಗಿ ನಿಂತಿದ್ದೆ, ಭಾವ. ಇಳಿಸುವಾಗ ಅಕ್ಕನ ಕಾಲು ನನ್ನ ಕಡೆ ಬಂತು. ಮೊದಲನೇ ಹಿಡಿ ಮಣ್ಣು ಅವಳ ಪಾದದ ಮೇಲೆ ಹಾಕಿದ್ದೇ ನಾನು. ನೀವು ಆಚೆ, ದಾರೀಲಿ, ಅಳ್ತಾ ಇದ್ರಿ."

ಗುಂಡಿ ತೋಡುವವನು ಎರಡು ಸಾಲಿನಾಚೆ ಕೆಲಸ ಮಾಡುತ್ತಿದ್ದ. ಅವನನ್ನು ಕೂಗಿ ಕರೆದರು. ಸನಿಕೆಯ ಮೇಲೆ ಗದ್ದವೂರಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ ಹೇಳಿದ: "ಈ ಅಮ್ಮ ಹೇಳೋದು ಸರಿ. ದಾರಿ ಪಕ್ಕದ್ದು ಯಾವನೋ ಲಾಡ್ಜಲ್ಲಿ ಸತ್ತವನದು. ಹಿಂದೆಮುಂದೆ ಯಾರೂ ಇಲ್ಲದವರನ್ನ ಆ ಸಾಲಲ್ಲಿ ಹಾಕ್ತೀವಿ."

"ಹೆಸರು ಈ ಕಡೆ ಇದೆಯಲ್ಲೋ!"

"ಓದೋರು ದಾರೀಲಿರ್ತಾರಣ್ಣ. ಗೋಡೇಲಿ ಯಾರಿರ್ತಾರೆ? ಕಲ್ಲು ಕೆತ್ತೋನು ಯಾವಾಗಲೂ ಹಂಗೇ ನಿಲ್ಸೋದು."

"ಇಷ್ಟು ವರ್ಷ ನೋಡ್ತಿದ್ದೀಯಲ್ಲ. ಒಂದು ಮಾತು ಹೇಳಬಾರದಿತ್ತೇನೋ?"

"ನಂಗೇನ್ ಗೊತ್ತಣ್ಣ! ಪಾಪ, ದಿಕ್ಕಿಲ್ಲದವನಿಗೆ ಪುಣ್ಯಕ್ಕೆ ಮಾಡ್ತಿದೀರಿ ಅಂದ್ಕೊಂಡೆ. ಮುಗಿಸ್ಕೊಂಡು ನಿಮ್ಮ ಮನೆಯಮ್ಮನ ಹತ್ರ ಹೋಗಿ ಕೂತ್ಕೋತಿದ್ರಲ್ಲ, ಎಂಥ ಗಂಡ ಹೆಂಡ್ತಿ ಅಂತ ಮನೇಲೂ ಹೇಳಿದೀನಿ."

ಕತ್ತರಿಯಣ್ಣ ಕಲ್ಲಿನ ಹಿಂದಕ್ಕೆ ಬಂದ. ಸ್ಟೂಲಿನ ನಾಲ್ಕು ಕಾಲು ಊರಿ ಊರಿ ನೆಲದಲ್ಲಿ ನಾಲ್ಕು ಗುಳಿ ಬಿದ್ದಿತ್ತು. ಕೊಳೆತ ಹೂವು, ಕಳೆಯ ಬೇರು, ಸಿಗರೇಟಿನ ತುಂಡುಗಳು; ಅವನದೇ ಕೈ, ಅವನದೇ ಕಾಲು, ವರ್ಷಗಟ್ಟಲೆ. ಕನ್ನಡಿ ನೋಡಿ ಬಾಳಿದವನು ಮಾಡಬಹುದಾದ ತಪ್ಪೇ ಅದು. ಕನ್ನಡಿಯಲ್ಲಿ ಮುಖ ಮುಂದೆ ಕಾಣುತ್ತದೆ, ಮನುಷ್ಯ ಈಚೆ ಕೂತಿರುತ್ತಾನೆ. ಕಾಣುವ ಮುಖದೊಂದಿಗೇ ಮಾತನಾಡಿ ಅಭ್ಯಾಸವಾದವನು, ಹೆಸರು ಕಂಡ ಕಡೆಯಲ್ಲೇ ಅವಳಿದ್ದಾಳೆಂದು ತಿಳಿದಿದ್ದ. ಅರಳಿದ್ದೆಲ್ಲ ಲಾಡ್ಜಿನವನಿಗೆ ಸಂದಿತ್ತು. ಅವಳ ಪಾಲಿಗೆ ಬಂದದ್ದು, ಎಂದಿನಂತೆ, ಮಿಕ್ಕದ್ದು; ಮತ್ತು ಎಂದಿನಂತೆ, ಗಂಡನ ಬೆನ್ನು.

ಅವನು ಅಳಲಿಲ್ಲ. ಸ್ಟೂಲನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಗೇಟಿನವರೆಗೂ ನಡೆದ. ಆ ದಿನ ಮೊದಲ ಬಾರಿಗೆ ಅವನು ನೇರವಾಗಿ ನಡೆದನೆಂದು ಮಗಳು ಆಮೇಲೆ ನಮಗೆ ಹೇಳಿದಳು.

ಅಂಗಡಿ ತೆರೆಯುತ್ತಿದ್ದ, ಆದರೆ ಅಂಗಡಿಯಲ್ಲಿ ಅವನಿರಲಿಲ್ಲ. ಸುಳ್ಳು ಹೇಳುವುದನ್ನು ಪೂರ್ತಿ ನಿಲ್ಲಿಸಿದ. ಬರೀ ಕತ್ತರಿಯ ಸದ್ದು ಕೇಳುತ್ತ ಕೂರುವುದು ಎಂಥ ಶಿಕ್ಷೆಯೆಂದು ನಮಗೆ ಆಗ ತಿಳಿಯಿತು. "ಆ ಏಳು ಕೂದಲಿನವನ ಕಥೆ ಏನಾಯ್ತಪ್ಪ?" ಎಂದು ಒಬ್ಬರು ಕೆಣಕಿ ನೋಡಿದರು. "ಅಂಥವನು ಯಾರೂ ಇರಲಿಲ್ಲ," ಎಂದ. ಆ ಮಾತು ಕೇಳಿದ ದಿನ ಬೆಂಚಿನಲ್ಲಿದ್ದ ನಾವೆಲ್ಲ ಪರಿಚಯದವನೊಬ್ಬ ತೀರಿಕೊಂಡ ಸುದ್ದಿ ಕೇಳಿದವರಂತೆ ಎದ್ದು ಮನೆಗೆ ಹೋದೆವು.

ಮಗಳೇ ಅವನನ್ನು ಬೆನ್ನು ಹತ್ತಿದಳು. "ಅಪ್ಪ, ಆಗಿದ್ದು ಆಗಿಹೋಯ್ತು. ನಾಳೆಯಿಂದ ಆ ಕಡೆ ಮಾಡೋಣ. ಬಾಡಿದ ಹೂವೆಲ್ಲ ಒಳ್ಳೆ ಗೊಬ್ಬರ ಆಗಿರತ್ತೆ."

"ಗೊಬ್ಬರ ಬೇಕು ಅಂತ ಯಾರಮ್ಮ ಸಾಯ್ತಾರೆ?"

ಆದರೂ ಹೋದ. ಗುಡ್ಡೆಯನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ಹಾಕಿದ. ಕೆಳಗೆ ಗೊಬ್ಬರವೇನೂ ಇರಲಿಲ್ಲ. ಇದ್ದುದು ಅವನು ಕೂತು, ತುಳಿದು, ಹೊಸಕಿ ಅಂಗಡಿಯ ನೆಲದಂತೆ ಗಟ್ಟಿ ಮಾಡಿದ ಮಣ್ಣು. ಸನಿಕೆ ಹಾಕಲು ಮನಸ್ಸು ಬಾರದು. "ಅವಳಿಗೆ ತಾಗತ್ತೆ," ಎನ್ನುವನು. ಕತ್ತರಿಯ ತುದಿಯಿಂದ ಕೆರೆಕೆರೆದು ಸಸಿ ನೆಡುವನು. ಗೋಡೆಯ ನೆರಳು ಸರಿಯುವುದೇ ಇಲ್ಲ. ಸಸಿಗಳು ಬಿಸಿಲು ಹುಡುಕುತ್ತ ಕತ್ತು ಉದ್ದ ಮಾಡಿ, ಬಿಳಚಿ, ನೆಲ ಹಿಡಿಯುವವು. ಮತ್ತೆ ನೆಡುವನು, ಮತ್ತೆ ಬಾಡುವವು. ನೇರ ಗೆರೆ ಎಳೆಯುತ್ತಿದ್ದ ಕತ್ತಿ ಈಗ ಹಾವಿನಂತೆ ಹರಿಯುತ್ತಿತ್ತು. ಕಲ್ಲಿನ ಈಚೆ ಬದಿಯಲ್ಲೋ, ಯಾರೂ ಮುಟ್ಟದ ಹಳೆಯ ಪಾತಿ, ವರ್ಷವರ್ಷ ಉದುರಿದ ಬೀಜಗಳೆಲ್ಲ ಒಟ್ಟಿಗೇ ಎದ್ದು, ಹಿಂದೆಂದೂ ಕಾಣದಂತೆ ಹೂಬಿಟ್ಟಿತ್ತು. ಅಲ್ಲಿಂದ ಬೇರುಸಹಿತ ಕಿತ್ತು ಆಚೆ ನೆಟ್ಟರೂ ಮೂರು ದಿನ ಬಾಳುತ್ತಿರಲಿಲ್ಲ. ಕಲ್ಲನ್ನಾದರೂ ತಿರುಗಿಸಿ ನಿಲ್ಲಿಸೋಣವೆಂದು ಮಗಳು ಹೇಳಿದಳು. "ಹೆಸರು ಗೋಡೆ ನೋಡ್ತಾ ಕೂತ್ಕೋಬೇಕಾ? ಅಷ್ಟೂ ಬೇಡ್ವೇನೇ ಅವಳಿಗೆ?" ಎಂದ. ಲಾಡ್ಜಿನವನ ಮೇಲೆ ಅವನು ಒಂದು ಬಿರುನುಡಿ ಆಡಿದ್ದನ್ನೂ ನಾವು ಕೇಳಲಿಲ್ಲ. ಕೇಳದೆ ಬಂದ ಹೂವಿಗೆ ಹೊಣೆ ಯಾರು?

ಈಗ ಅವನು ಹೋದರೆ ಕೂರುವುದಿಲ್ಲ. ಕೂರಲು ಎಡೆಯಿಲ್ಲ, ಆಚೆ ಕಾಲಿಟ್ಟರೆ ಹೆಂಡತಿ, ಈಚೆ ಇಟ್ಟರೆ ಲಾಡ್ಜಿನವನು. ದಾರಿಯ ಮೇಲೆ, ಹಿಂದೆ ಇಬ್ಬರು ರಟ್ಟೆ ಹಿಡಿದು ನಿಲ್ಲಿಸಿದ್ದ ಜಾಗದಲ್ಲೇ, ಒಬ್ಬನೇ ನಿಂತು ಬರುತ್ತಾನೆ.

ಸಮಾಧಿಗೆ ಹೂವಿಡುವವರ ಕುಲವೇ ವಿಚಿತ್ರ. ಉಳಿದವರೆಲ್ಲ ಸತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಸುಖವಾಗಿ ಓಡಾಡುತ್ತಾರೆ. ಮನಸ್ಸಿಗೆ ಬಾಡಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಇವರಿಗೆ ಅದು ಸಾಲದು. ಪ್ರೀತಿಗೆ ಉದ್ದಗಲವಿದೆ, ತಲೆ ಕಾಲಿದೆ, ಇಂಥಲ್ಲೇ ಎಂದು ಬೆರಳಿಟ್ಟು ತೋರಿಸುವ ಒಂದು ತಾಣವಿದೆ ಎಂದು ನಂಬಿದವರು ಇವರು. ಬದುಕಿದ್ದಾಗ ಕೊಡಲಾಗದ್ದನ್ನು ಮಣ್ಣಿಗೆ ಕೊಟ್ಟು ತೀರಿಸಲು ಹೊರಡುತ್ತಾರೆ. ಮಣ್ಣು ಎಲ್ಲವನ್ನೂ ತೆಗೆದುಕೊಳ್ಳುತ್ತದೆ, ಯಾರಿಗೆ ಕೊಟ್ಟೆನೆಂದು ಹೇಳುವುದಿಲ್ಲ. ತಲುಪಿತೇ ಎಂದು ಕೇಳಿದರೆ ಲೋಕದಲ್ಲಿ ಒಬ್ಬರ ಬಳಿಯೂ ಉತ್ತರವಿಲ್ಲ. ತಲುಪಲಿಲ್ಲವೆಂಬ ಉತ್ತರ ಸಿಕ್ಕವನು ಮಾತ್ರ, ನಾನು ಕಂಡಂತೆ, ಇವನೊಬ್ಬನೇ.

ಮೊನ್ನೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕುರ್ಚಿಯಲ್ಲಿ ಬಿಳಿ ಬಟ್ಟೆ ಹೊದ್ದು ಕೂತವರು, ಕನ್ನಡಿಯಲ್ಲಿ ಅವನ ಕಣ್ಣು ಹುಡುಕಿ, ಬಹಳ ದಿನದಿಂದ ಕೂಡಿಟ್ಟಿದ್ದ ಸಮಾಧಾನವನ್ನು ಹೊರಗೆ ತೆಗೆದರು: "ನೋಡಪ್ಪ, ಜಾಗ ಮುಖ್ಯ ಅಲ್ಲ, ಭಾವನೆ ಮುಖ್ಯ. ನೀನು ಅವಳನ್ನ ನೆನೆಸಿಕೊಂಡು ಇಟ್ಟೆ. ಎಲ್ಲಿಟ್ಟರೇನು, ಸೇರಬೇಕಾದವರಿಗೆ ಸೇರಿರತ್ತೆ ಬಿಡು."

ಕತ್ತರಿಯಣ್ಣ ಕತ್ತರಿಯನ್ನು ಕೆಳಗಿಟ್ಟ. ಮೇಷ್ಟ್ರ ಕತ್ತಿನ ಸುತ್ತ ಬಿಗಿದಿದ್ದ ಬಟ್ಟೆಯನ್ನು ಬಿಚ್ಚಿ, ಕೊಡವಿ, ಬೆಂಚಿನಲ್ಲಿ ತೂಕಡಿಸುತ್ತಿದ್ದ ಬೇರೊಬ್ಬನಿಗೆ ಹೊದಿಸಿದ.

"ಹಾಗಾದ್ರೆ ಏಳಿ ಮೇಷ್ಟ್ರೇ," ಎಂದ. "ನಿಮ್ಮನ್ನ ನೆನೆಸಿಕೊಂಡು ಇವನಿಗೆ ಕತ್ತರಿಸ್ತೀನಿ. ನೀವು ಮನೆಗೆ ಹೋಗಿ, ಸೇರತ್ತಾ ನೋಡಿ."